ಮಗೂದು ಇನ್ನೂ ಏನೇನು ಬೇಕಂತೆ?

"ಟೀಚರ್, ಇದಕ್ಕೆ ಸೈನ್ ಹಾಕ್ಲಾ, ಬೇಡ್ವಾ?" ಅಂತ ಪಕ್ಕದ ಮನೆಯವಳು ದಾಸವಾಳದ ಬೇಲಿ ಮೇಲಿಂದ ಒಂದು ಹಾಳೆ ಚಾಚಿದಳು. ಅವಳದು ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರು, ಒಂದು ಲ್ಯಾಮಿನೇಷನ್ ಮೆಷಿನ್ನು ಇದೆ. ಸುತ್ತಮುತ್ತಲಿನ ನಾಲ್ಕೈದು ಶಾಲೆಯವರೂ ಆನ್‌ಲೈನ್ ಕೆಲಸಕ್ಕೆ ಅಲ್ಲಿಗೇ ಬರುತ್ತಾರೆ. ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಹಾಳೆ, ಅಪಾರ್ ಐಡಿಗೆ ಪೋಷಕರು ಕೊಡಬೇಕಾದ ಒಪ್ಪಿಗೆ ಪತ್ರ.

"ಇಂಥವು ಕಟ್ಟುಗಟ್ಟಲೆ ಜೆರಾಕ್ಸ್ ತೆಗೀತೀಯಲ್ಲ, ನಿನಗೆ ಗೊತ್ತಿಲ್ವಾ?" ಅಂದೆ.

"ಬೇರೆಯವರ ಮಕ್ಕಳದು ತೆಗೀವಾಗ ಓದೋಕೆ ಪುರಸೊತ್ತೆಲ್ಲಿ ಟೀಚರ್. ನಮ್ಮ ಹುಡುಗೀದು ಅಂದಾಗ ಓದಿದೆ. ಓದಿದ್ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ."

ನನಗೆ ಆ ಮಾತು ಬಹಳ ಹಿಡಿಸಿತು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ಓದಿ ಸೈನ್ ಹಾಕಿದ ಪೋಷಕರನ್ನು ಕಂಡದ್ದು ಕಡಿಮೆ. ಹಾಳೆ ಇಸಕೊಂಡು ಕಲ್ಲುಬೆಂಚಿನ ಮೇಲೆ ಕೂತೆ. ಅವಳು ಹೂವು ಬಿಡಿಸುತ್ತಾ ಆಚೆ ನಿಂತಳು.

ಅಪಾರ್ ಅಂದರೆ ಮಗುವಿಗೆ ಒಂದು 12 ಅಂಕಿಯ ನಂಬರು. ಶಾಲೆಗೆ ಸೇರಿದಾಗಿನಿಂದ ಕಾಲೇಜು ಮುಗಿಯುವವರೆಗೆ ಅಂಕಪಟ್ಟಿ, ಸರ್ಟಿಫಿಕೇಟು ಎಲ್ಲ ಅದರಡಿ ಸೇರಿ ಡಿಜಿಲಾಕರಿನಲ್ಲಿ ಕೂರುತ್ತದೆ. ಉದ್ದೇಶ ಕೆಟ್ಟದ್ದಲ್ಲ. ಮಳೆಗೆ ಮನೆ ಕುಸಿದು ಮಾರ್ಕ್ಸ್ ಕಾರ್ಡು ಹೋಯಿತು ಅಂತ ಅಳುತ್ತಾ ಬಂದ ಹುಡುಗರನ್ನು ನೋಡಿದ್ದೇನೆ. ಟೀಸಿ ಸಿಗದೆ ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿಯರನ್ನೂ ನೋಡಿದ್ದೇನೆ. ಅಂಥವರಿಗೆ ಇದು ಉಪಕಾರವೇ. ಆದರೆ ಇದು ಆಧಾರಿಗೆ ಜೋಡಣೆಯಾಗಬೇಕು, ಅದಕ್ಕೇ ಪೋಷಕರ ಒಪ್ಪಿಗೆ. ಇದು ಸ್ವಯಂಪ್ರೇರಿತ, ಇಷ್ಟವಿದ್ದರೆ ಕೊಡಬಹುದು, ಕೊಟ್ಟ ಮೇಲೂ ವಾಪಸ್ ಪಡೆಯಬಹುದು ಅಂತ ಕೇಂದ್ರ ಸರ್ಕಾರವೇ ಹೇಳಿದೆ.

"ಇಷ್ಟವಿದ್ರೆ ಅಂತೀರಾ? ಇಲ್ನೋಡಿ" ಅಂತ ಮೊಬೈಲ್ ತೆಗೆದು ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪ್ ತೋರಿಸಿದಳು. 'ನಾಳೆ ಸಂಜೆಯೊಳಗೆ ಎಲ್ಲರೂ ಕಡ್ಡಾಯವಾಗಿ ತಂದುಕೊಡುವುದು' ಅಂತಿತ್ತು. ಕೆಳಗೆ ಇನ್ನೂ ಕೊಡದವರ ಹೆಸರಿನ ಪಟ್ಟಿ. ಅವಳ ಮಗಳದು ಮೂರನೆಯದು.

ಬರೆದ ಮೇಷ್ಟ್ರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಶೇಕಡಾ ಎಷ್ಟಾಯಿತು ಅಂತ ಮೇಲಿನಿಂದ ದಿನಾ ಕೇಳುತ್ತಾರೆ. ಅದರ ಜೊತೆಗೆ ಹೆಸರಿನ ಗೋಳು ಬೇರೆ. ಆಧಾರಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಶಾಲೆ ದಾಖಲೆಯಲ್ಲಿ ಹಿಂದೆ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಒಂದೇ ಅಕ್ಷರ. ತಾಳೆಯಾಗದಿದ್ದರೆ ಕಂಪ್ಯೂಟರು ತಗೊಳ್ಳಲ್ಲ. ಕೂಲಿ ಬಿಟ್ಟು ಆಧಾರ್ ಸೆಂಟರಿನ ಮುಂದೆ ಬೆಳಗಿನಿಂದ ನಿಂತ ತಂದೆ ತಾಯಂದಿರನ್ನು ಕೇಳಿದರೆ ಗೊತ್ತಾಗುತ್ತದೆ, ಇದರಲ್ಲಿ 'ಇಷ್ಟವಿದ್ದರೆ' ಎಷ್ಟಿದೆ ಅಂತ.

"ಒಂದು ಮಗು ಶಾಲೇಲಿದೆ ಅಂದ್ರೆ ಎಷ್ಟು ಕಡೆ ಅದರ ಹೆಸರಿದೆ ಗೊತ್ತೇನಮ್ಮ?" ಅಂತ ಕೇಳಿದೆ. "ರಾಜ್ಯದ್ದು ಸ್ಯಾಟ್ಸ್. ಕೇಂದ್ರದ್ದು ಯುಡೈಸ್. ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ. ಅದಕ್ಕೆ ಜಾತಿ ಸರ್ಟಿಫಿಕೇಟಿನ ಆರ್‌ಡಿ ನಂಬರು, ಆದಾಯದ್ದು ಇನ್ನೊಂದು ಆರ್‌ಡಿ ನಂಬರು, ಬ್ಯಾಂಕ್ ಖಾತೆ, ಅಪ್ಪ ಅಮ್ಮನ ಆಧಾರು. ವರ್ಷಕ್ಕೊಂದು ಸಲ ಡಾಕ್ಟರ್ ತಂಡ ಬಂದು ಹಲ್ಲು, ಕಣ್ಣು, ತೂಕ, ರಕ್ತ ನೋಡಿ ಬರ್ಕೊಂಡು ಹೋಗ್ತಾರೆ. ಅದರ ಮೇಲೆ ಈಗ ಇದು."

"ಗೊತ್ತಿಲ್ದೆ ಏನು ಟೀಚರ್, ಅವೆಲ್ಲ ತುಂಬೋದು ನಾನೇ ಅಲ್ವಾ" ಅಂದಳು.

ಅಲ್ಲಿಂದ ಮಾತು ಅವಳ ಅಂಗಡಿಗೆ ಹೊರಳಿತು. ಸ್ಯಾಟ್ಸ್ ಲಾಗಿನ್ ಇರಬೇಕಾದ್ದು ಹೆಡ್ಮಾಸ್ಟರ ಹತ್ತಿರ. ಆದರೆ ಶಾಲೆಯಲ್ಲಿ ಗುಮಾಸ್ತರಿಲ್ಲ, ಇದ್ದ ಒಂದು ಕಂಪ್ಯೂಟರು ಕೆಟ್ಟು ಮೂಲೆ ಸೇರಿದೆ, ನೆಟ್ ಬಂದರೆ ಬಂತು. ಹಾಗಾಗಿ ಮೇಷ್ಟ್ರು ಯೂಸರ್ ಐಡಿ, ಪಾಸ್‌ವರ್ಡು ಇವಳಿಗೆ ಬರೆದುಕೊಟ್ಟು ಹೋಗಿದ್ದಾರೆ. ಅಂಗಡಿಯ ಉದ್ದ ನೋಟ್‌ಬುಕ್ಕಿನಲ್ಲಿ ಶಾಲೆಗಳ ಹೆಸರು ಸಾಲಾಗಿವೆ, ಮುಂದೆ ಪಾಸ್‌ವರ್ಡು. ನೋಟ್‌ಬುಕ್ಕು ಮೆಷಿನ್ನಿನ ಪಕ್ಕದಲ್ಲೇ ಇರುತ್ತದೆ. ಕೆಲಸಕ್ಕಿರುವ ಹುಡುಗ, ಕರೆಂಟ್ ಬಿಲ್ಲು ಕಟ್ಟಲು ಬಂದವರು, ಯಾರು ಬೇಕಾದರೂ ನೋಡಬಹುದು.

ಮಸಿ ಹತ್ತಿ ಹಾಳಾದ ಜೆರಾಕ್ಸ್ ಹಾಳೆಗಳದು ಇನ್ನೊಂದು ಕಥೆ. ಆಧಾರು, ಜಾತಿ ಪತ್ರ, ಅಂಕಪಟ್ಟಿ ಎಲ್ಲ ಒಂದು ರಟ್ಟಿನ ಡಬ್ಬಕ್ಕೆ ಬೀಳುತ್ತವೆ. ಡಬ್ಬ ತುಂಬಿದರೆ ರದ್ದಿಯವನಿಗೆ. "ಮೊನ್ನೆ ಎದುರಿನ ಗಾಡೀಲಿ ಬೋಂಡಾ ಕಟ್ಟಿಸ್ಕೊಂಡೆ ಟೀಚರ್. ಎಣ್ಣೆ ಹೀರಿದ ಹಾಳೆ ಬಿಡಿಸಿದ್ರೆ ಒಂದು ಹುಡುಗೀದು ಆಧಾರು. ಫೋಟೋ, ಹುಟ್ಟಿದ ತಾರೀಕು, ಮನೆ ಅಡ್ರೆಸ್ಸು, ಎಲ್ಲಾ ಕಾಣ್ತಿತ್ತು. ನಮ್ಮ ಮೆಷಿನ್ನಿಂದೇ ಅದು, ಎಡಗಡೆ ಕಪ್ಪು ಗೆರೆ ಬರುತ್ತಲ್ಲ, ಅದರಲ್ಲೇ ಗುರುತು ಸಿಕ್ತು."

ಆ ಹಾಳೆಯನ್ನು ಒಲೆಗೆ ಹಾಕಿದಳಂತೆ. ಹೇಳುವಾಗ ಅವಳ ಮುಖ ಸಣ್ಣದಾಗಿತ್ತು.

ಶಾಲೆಗಳಲ್ಲಿ ಮೊದಲು ಹೀಗೆ ಇರಲಿಲ್ಲವೇ ಅಂದರೆ, ಬೇರೆ ಥರ ಇತ್ತು. ದಾಖಲಾತಿ ರಿಜಿಸ್ಟರು ಅಂತ ಒಂದು, ಹೆಡ್ಮಾಸ್ಟರ ಬೀರುವಿನಲ್ಲಿ ಬೀಗದೊಳಗೆ. ಮಗುವಿನ ಜಾತಿ ನೋಡಬೇಕಾದರೆ ಆ ರೂಮಿಗೆ ಹೋಗಿ, ಕೇಳಿ, ತೆಗೆಸಬೇಕು. ಆದರೆ ಅದೇ ಶಾಲೆಯಲ್ಲಿ ಸ್ಕಾಲರ್‌ಶಿಪ್ಪಿನ ಅರ್ಜಿ ಬಂದ ದಿನ ತರಗತಿಯಲ್ಲಿ 'ಎಸ್‌ಸಿ ಮಕ್ಕಳು ಎದ್ದು ನಿಲ್ಲಿ' ಅಂತ ಕೂಗುವ ಪದ್ಧತಿಯೂ ಇತ್ತು. ಎದ್ದು ನಿಂತ ಮಕ್ಕಳ ಕಣ್ಣು ನೆಲ ನೋಡುತ್ತಿದ್ದವು. ಇದರ ಮೇಲೆ ಸ್ಟಾಫ್ ರೂಮಿನಲ್ಲಿ ನಾನು ಜಗಳ ಆಡಿದ್ದೇನೆ. 'ಅವರಿಗೆ ದುಡ್ಡು ಬರೋಕೇ ತಾನೇ ಕೇಳ್ತಿರೋದು' ಅನ್ನುತ್ತಿದ್ದರು. ಈಗ ಯಾರೂ ಎದ್ದು ನಿಲ್ಲಿಸುವುದಿಲ್ಲ. ಎಕ್ಸೆಲ್ ಶೀಟು ಗ್ರೂಪಿಗೆ ಬೀಳುತ್ತದೆ. ಆಧಾರ್ ಸೀಡಿಂಗ್ ಆಗದವರು, ಎನ್‌ಪಿಸಿಐ ಮ್ಯಾಪಿಂಗ್ ಆಗದವರು ಅಂತ ಪಟ್ಟಿ; ಹೆಸರಿನ ಮುಂದೆ ಜಾತಿ, ಆದಾಯ, ಖಾತೆ ನಂಬರು, ಫೋನು. ನಲವತ್ತು ಮನೆಯ ಮೊಬೈಲಿಗೆ ಒಂದೇ ಸಲ ಹೋಗುತ್ತದೆ. ಯಾರದೋ ಮನೆಯಲ್ಲಿ ಅದು ಮಗನ ಕೈಲಿರುತ್ತದೆ. ಮಾರನೇ ದಿನ ಆಟದ ಬಯಲಿನಲ್ಲಿ ಅದೇ ಮಾತು.

"ಹೋದ ವರ್ಷ ನಮ್ಮ ಹುಡುಗಿ ಅತ್ಕೊಂಡು ಬಂದಿದ್ಲು" ಅಂತ ಅವಳು ನಿಧಾನವಾಗಿ ಹೇಳಿದಳು. "'ನಿಮ್ಮಪ್ಪನ ವರ್ಷದ ಆದಾಯ ಇಷ್ಟೇ ಏನೇ' ಅಂತ ಯಾರೋ ಕೇಳಿದ್ರಂತೆ. ನಾನು ಎಲ್ಲಿಂದ ಗೊತ್ತಾಯ್ತು ಅಂತ ಯೋಚನೆ ಮಾಡಿದ್ದೆ. ಗ್ರೂಪಲ್ಲಿ ಬಂದಿತ್ತು."

ನನಗೆ ಈ ವಿಷಯದಲ್ಲಿ ಸಿಟ್ಟು ಬರುವುದು ಇಲ್ಲಿಯೇ. ಗೋಪ್ಯತೆ, ಖಾಸಗಿತನ ಅನ್ನುವುದೆಲ್ಲ ಬೆಂಗಳೂರಿನ ಇಂಟರ್‌ನ್ಯಾಷನಲ್ ಸ್ಕೂಲಿನವರ ಚಿಂತೆ, ಹೊಟ್ಟೆ ತುಂಬಿದವರ ಮಾತು ಅಂತ ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಉಲ್ಟಾ. ದುಡ್ಡು ಕೊಟ್ಟು ಓದುವ ಮಗು ಫೀಸು ಕಟ್ಟಿದರೆ ಮುಗಿಯಿತು. ಅದರ ಅಪ್ಪನ ಆದಾಯ ಯಾರೂ ಕೇಳುವುದಿಲ್ಲ. ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು, ಅಂಗವಿಕಲರ ಸವಲತ್ತು ಬೇಕಾದ ಮಗುವೇ ಒಂದೊಂದಕ್ಕೂ ಒಂದೊಂದು ಗುಟ್ಟು ಬಿಚ್ಚಿಡಬೇಕು. ಮನೆಯಲ್ಲಿ ಎಷ್ಟು ಇಲ್ಲವೋ ಅಷ್ಟು ಕಾಗದ ಹೊರಗೆ ಹೋಗುತ್ತದೆ. ಹಾಗೆ ಹೋದ ಕಾಗದ ಕೈತಪ್ಪಿದರೆ, ಉಳ್ಳವರ ಮಗುವಿನ ಮನೆಗೆ ಕೋಚಿಂಗ್ ಸೆಂಟರಿನ ಫೋನು ಬರುತ್ತದೆ. ಇಲ್ಲದವರ ಮಗುವಿಗೆ ತರಗತಿಯಲ್ಲಿ ತಲೆ ಎತ್ತಲಾಗುವುದಿಲ್ಲ.

ಫೋನಿನ ಕಾಟವೂ ಸಣ್ಣದಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುವುದರೊಳಗೆ ಗುರುತು ಪರಿಚಯ ಇಲ್ಲದ ಪಿಯು ಕಾಲೇಜಿನವರು ಮಗುವಿನ ಹೆಸರು ಹಿಡಿದೇ ಕರೆ ಮಾಡುತ್ತಾರೆ. ನಂಬರು ಎಲ್ಲಿ ಸಿಕ್ಕಿತು ಅಂದರೆ ಫೋನ್ ಇಡುತ್ತಾರೆ.

"ನಾನೊಂದು ಹೇಳ್ಲಾ ಟೀಚರ್?" ಅಂದಳು ಅವಳು. "ಬ್ಲೌಸ್ ಹೊಲಿಯೋಕೆ ಟೈಲರಿಗೆ ಅಳತೆ ಕೊಡ್ತೀವಿ. ಕೊಡ್ದೆ ಇದ್ರೆ ಬ್ಲೌಸ್ ಆಗಲ್ಲ. ಹಂಗಂತ ಅವನು ಆ ಅಳತೆ ಚೀಟಿ ಅಂಗಡಿ ಬಾಗಿಲಿಗೆ ಅಂಟಿಸಿದ್ರೆ ಸುಮ್ನಿರ್ತೀವಾ?"

ಇದಕ್ಕಿಂತ ಚೆನ್ನಾಗಿ ಯಾವ ವಕೀಲರೂ ಹೇಳಲಾರರು. ಯಾವ ಕೆಲಸಕ್ಕೆ ಕೊಟ್ಟೆವೋ ಆ ಕೆಲಸಕ್ಕೆ ಮಾತ್ರ, ಅದು ಮುಗಿದ ಮೇಲೆ ಯಾರಿಗೂ ಇಲ್ಲ. ಕಾನೂನು ಹೇಳಬೇಕಾದ್ದೂ ಇಷ್ಟೇ.

ಅವಳಿಗೆ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಕಥೆ ಹೇಳಿದೆ. ನಮ್ಮ ಹೈಕೋರ್ಟಿನಲ್ಲೇ ಜಡ್ಜ್ ಆಗಿದ್ದು ನಿವೃತ್ತರಾದವರು. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದ ಹುಟ್ಟಿದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಉತ್ತರ ಕೊಟ್ಟಿತು: ಖಾಸಗಿತನ ಮೂಲಭೂತ ಹಕ್ಕು. ಇದು ಉಳ್ಳವರ ಚಿಂತೆ, ಬಡವರಿಗೆ ಬೇಕಾದ್ದು ಅನ್ನ ಅನ್ನುವ ವಾದವೂ ಅಲ್ಲಿ ಬಂದಿತ್ತು. ಕೋರ್ಟು ಅದನ್ನು ಒಪ್ಪಲಿಲ್ಲ. ಮರುವರ್ಷ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಮಕ್ಕಳ ಮಾತು ಬೇರೆಯಾಗಿಯೇ ಬಂತು. ಶಾಲೆಗೆ ಸೇರಿಸಿಕೊಳ್ಳಲು ಆಧಾರ್ ಕಡ್ಡಾಯ ಮಾಡುವಂತಿಲ್ಲ. ಆಧಾರ್ ಇಲ್ಲ ಅಂತ ಯಾವ ಮಗುವಿಗೂ ಸವಲತ್ತು ನಿಲ್ಲಿಸುವಂತಿಲ್ಲ. ಹದಿನೆಂಟು ತುಂಬಿದ ಮೇಲೆ ಬೇಡವೆಂದರೆ ಹೊರಬರಲು ದಾರಿ ಇರಬೇಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಮ್ಮ ಶಾಲೆಗಳಲ್ಲಿ ಗಣ್ಯರ ಫೋಟೋ ಸಾಲಿನಲ್ಲಿ ಅವರದೂ ಒಂದು ಇರಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ.

"ಕೋರ್ಟ್ ಹೇಳಿ ಇಷ್ಟು ವರ್ಷ ಆಯ್ತಲ್ಲ, ಮತ್ತೆ ಯಾಕೆ ಹಿಂಗೆ?"

ಜನರ ಖಾಸಗಿ ವಿವರ ಕಾಯುವ ಕಾನೂನು ಬಂದದ್ದೇ 2023ರಲ್ಲಿ. ಅದರ ಪ್ರಕಾರ ಹದಿನೆಂಟರ ಕೆಳಗಿನವರೆಲ್ಲ ಮಕ್ಕಳೇ. ಅವರ ವಿವರ ಬಳಸಲು ತಂದೆತಾಯಿಯ ಖಚಿತ ಒಪ್ಪಿಗೆ ಬೇಕು. ಅವರ ಹಿಂದೆ ಬಿದ್ದು ನಡೆ ನುಡಿ ಗಮನಿಸುವಂತಿಲ್ಲ, ಅದರ ಮೇಲೆ ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ ದಂಡ 200 ಕೋಟಿವರೆಗೆ. ನಿಯಮ ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಮುಖ್ಯ ಭಾಗ ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳು. ಅದರಲ್ಲೂ ಶಾಲೆಗೆ, ಕಲಿಕೆ ಮತ್ತು ಸುರಕ್ಷತೆ ಅಂತ ವಿನಾಯಿತಿ ಇದೆ. ಸರ್ಕಾರ ಸವಲತ್ತು ಕೊಡಲು ವಿವರ ಬಳಸುವುದಾದರೆ ಇನ್ನೊಂದು ಸಡಿಲಿಕೆ. ಹೆಚ್ಚು ಗುಟ್ಟು ಕೊಟ್ಟ ಮಗುವಿಗೆ ಕಾಪು ಕಡಿಮೆ ಸಿಗುವ ಹಾಗೆ ಕಾನೂನು ಆಗಿದೆ. ಇದು ನನಗೆ ಸರಿ ಕಾಣುವುದಿಲ್ಲ.

ಸರ್ಕಾರದ ಕೈಲಿದ್ದರೆ ಭದ್ರ ಅನ್ನುವ ಹಾಗೂ ಇಲ್ಲ. ದೀಕ್ಷಾ ಅಂತ ಆ್ಯಪ್ ಇದೆಯಲ್ಲ, ಕೊರೊನಾ ಕಾಲದಲ್ಲಿ ಮಕ್ಕಳ ಪಾಠ, ನಮ್ಮ ಶಿಕ್ಷಕರ ನಿಷ್ಠಾ ತರಬೇತಿ ಎಲ್ಲ ಅದರಲ್ಲೇ. ಅದರ ಮಾಹಿತಿ ಇಟ್ಟಿದ್ದ ಸರ್ವರಿಗೆ ಸರಿಯಾದ ರಕ್ಷಣೆಯೇ ಇರಲಿಲ್ಲ ಅಂತ 2023ರ ಜನವರಿಯಲ್ಲಿ ಸುದ್ದಿ ಬಂತು. 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನು, ಇಮೇಲು, ಸುಮಾರು 6 ಲಕ್ಷ ವಿದ್ಯಾರ್ಥಿಗಳ ವಿವರ ಹೊರಗಿನವರು ನೋಡುವ ಹಾಗೆ ಬಿದ್ದಿದ್ದವು. ನಮ್ಮ ದೇಶದ ಕಥೆ ಮಾತ್ರವೂ ಅಲ್ಲ. ಹ್ಯೂಮನ್ ರೈಟ್ಸ್ ವಾಚ್‌ನವರು 49 ದೇಶಗಳ ಕಲಿಕಾ ಆ್ಯಪ್ ಪರೀಕ್ಷೆ ಮಾಡಿ 2022ರಲ್ಲಿ ವರದಿ ಕೊಟ್ಟರು; ಹತ್ತರಲ್ಲಿ ಸುಮಾರು ಒಂಬತ್ತು, ಮಕ್ಕಳ ಹಕ್ಕಿಗೆ ಧಕ್ಕೆ ತರುವ ರೀತಿಯಲ್ಲಿ ಮಾಹಿತಿ ಬಳಸುತ್ತಿದ್ದವು.

"ಇನ್ಮೇಲೆ ಮುಖ ತೋರಿಸಿದ್ರೆ ಹಾಜರಿಯಂತೆ?" ಅಂತ ಅವಳೇ ಕೇಳಿದಳು.

ಹೌದು, ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಮುಖ ಗುರುತಿಸುವ ಹಾಜರಿ ತರುವ ಮಾತು 2025ರಲ್ಲಿ ನಮ್ಮ ರಾಜ್ಯದಲ್ಲೂ ಬಂತು. ಸುಳ್ಳು ಹಾಜರಿ ತಪ್ಪುತ್ತದೆ, ಬಿಸಿಯೂಟದ ಲೆಕ್ಕ ಸರಿಯಾಗುತ್ತದೆ ಅಂತ ಕಾರಣ. ಹೆಸರು ಕೂಗಿ 'ಎಸ್ ಮಿಸ್' ಅನ್ನಿಸುವ ಎರಡು ನಿಮಿಷ ದಂಡ ಅಂತ ಯಾರು ಹೇಳಿದರೋ. ಒಂದು ಮಗು ಜ್ವರದಲ್ಲಿದೆ, ಒಂದು ಮಗು ರಾತ್ರಿಯೆಲ್ಲ ಅತ್ತಿದೆ ಅನ್ನುವುದು ನನಗೆ ತಿಳಿಯುತ್ತಿದ್ದದ್ದು ಆ 'ಎಸ್ ಮಿಸ್' ಅನ್ನುವ ದನಿಯಲ್ಲೇ.

ಸ್ವೀಡನ್ನಿನ ಒಂದು ಹೈಸ್ಕೂಲು ಇದನ್ನು ಪ್ರಯೋಗ ಮಾಡಿ ನೋಡಿತ್ತು, ಶೆಲೆಫ್ತಿಯೋ ಅನ್ನುವ ಊರಿನಲ್ಲಿ. 22 ಮಕ್ಕಳು, ಮೂರು ವಾರ, ಅಷ್ಟೇ. ಪೋಷಕರ ಒಪ್ಪಿಗೆಯೂ ಇತ್ತು. ಆದರೂ 2019ರಲ್ಲಿ ಆ ದೇಶದ ಮಾಹಿತಿ ರಕ್ಷಣಾ ಸಂಸ್ಥೆ 2 ಲಕ್ಷ ಕ್ರೋನಾ ದಂಡ ಹಾಕಿತು. ಅವರು ಕೊಟ್ಟ ಕಾರಣ ಕೇಳಿ ಪಕ್ಕದ ಮನೆಯವಳು ಹೂವಿನ ಬುಟ್ಟಿ ಕೆಳಗಿಟ್ಟಳು: ಶಾಲೆ ಮೇಲೆ, ಮಗು ಕೆಳಗೆ, ಹಾಗಿರುವಾಗ ಬೇಡ ಅನ್ನುವ ಧೈರ್ಯ ಮಗುವಿಗೂ ಮನೆಯವರಿಗೂ ಇರುವುದಿಲ್ಲ, ಅಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

"ನಮ್ಮ ಹುಡುಗಿ ಹೆಸರು ಪಟ್ಟೀಲಿ ಹಾಕಿದಾರಲ್ಲ ಟೀಚರ್, ಇದೇ ಅಲ್ವಾ ಅದು?"

"ಅದೇ ಕಣಮ್ಮ."

ಮುಖದ ವಿಷಯದಲ್ಲಿ ನನಗೆ ಭಯ ಜಾಸ್ತಿ. ಪಾಸ್‌ವರ್ಡು ಕಳುವಾದರೆ ಬದಲಾಯಿಸಬಹುದು, ಬ್ಯಾಂಕ್ ಖಾತೆ ಮುಚ್ಚಿ ಇನ್ನೊಂದು ತೆರೆಯಬಹುದು. ಮುಖ ಬದಲಾಯಿಸಿ ಕೊಡಲು ಯಾವ ತಾಯಿಗೂ ಆಗುವುದಿಲ್ಲ.

ಕೊನೆಗೆ ಹಾಳೆಗೆ ಬಂದೆವು. ಹಾಕು ಅಂತಲೂ ಬೇಡ ಅಂತಲೂ ನಾನು ಹೇಳಲಿಲ್ಲ. ಅದು ತಾಯಿ ಮಗಳು ಕೂತು ತೀರ್ಮಾನ ಮಾಡುವುದು. ಒಂಬತ್ತನೇ ಕ್ಲಾಸಿನ ಹುಡುಗಿಗೆ ಇದನ್ನು ಓದಿ ಹೇಳಿದರೆ ಅರ್ಥವಾಗುತ್ತದೆ, ಅವಳನ್ನೂ ಕೇಳು ಅಂದೆ. ಹೆಡ್ಮಾಸ್ಟರ ಹತ್ತಿರ ಹೋಗಿ, ಇದು ಕಡ್ಡಾಯವೇ, ಕೊಡದಿದ್ದರೆ ಮಗಳಿಗೆ ಏನಾದರೂ ನಿಲ್ಲುತ್ತದೆಯೇ ಅಂತ ಬರಹದಲ್ಲಿ ಕೇಳು ಅಂದೆ. ಬಾಯಲ್ಲಿ 'ಕಡ್ಡಾಯ' ಅನ್ನುವವರು ಬರೆದುಕೊಡುವಾಗ ಯೋಚನೆ ಮಾಡುತ್ತಾರೆ. ಕೊಡುವುದಾದರೆ ಜೆರಾಕ್ಸಿನ ಮೇಲೆ ಅಡ್ಡ ಗೆರೆ ಎಳೆದು, ಯಾವ ಕೆಲಸಕ್ಕೆ ಅಂತ ಬರೆದು, ತಾರೀಕು ಹಾಕಿ ಕೊಡು.

"ಅಂಗಡಿಗೆ ಬರೋರಿಗೆಲ್ಲ ಅಡ್ಡ ಗೆರೆ ಎಳೆದೇ ಕೊಡ್ತೀನಿ ಇನ್ಮೇಲೆ" ಅಂದಳು. "ಹಾಳಾದ ಹಾಳೆ ರದ್ದಿಗೆ ಹಾಕಲ್ಲ, ಹರಿದು ಸುಡ್ತೀನಿ. ಆದ್ರೆ ಪಾಸ್‌ವರ್ಡಿನ ನೋಟ್‌ಬುಕ್ಕು ಏನ್ಮಾಡ್ಲಿ? ಅದಿಲ್ದಿದ್ರೆ ಮೇಷ್ಟ್ರ ಕೆಲಸ ನಿಲ್ಲುತ್ತೆ. ಪಾಪ, ರಾತ್ರಿ ಒಂಬತ್ತಕ್ಕೆಲ್ಲ ಬಂದು ಕೂತಿರ್ತಾರೆ."

ಅದು ನಿಜವಾದ ಕಷ್ಟ. ಪಾಸ್‌ವರ್ಡು ಹಿಂದಕ್ಕೆ ಕೊಟ್ಟರೆ ಸಾಲದು, ಶಾಲೆಗೊಂದು ಕೆಲಸ ಮಾಡುವ ಕಂಪ್ಯೂಟರು, ಅದನ್ನು ನಡೆಸಲು ಒಬ್ಬ ಗುಮಾಸ್ತ ಬೇಕು. ಮಕ್ಕಳ ವಿವರ ಇಷ್ಟು ಬೇಕು ಅನ್ನುವ ಸರ್ಕಾರ ಅದನ್ನು ಕಾಯುವವರನ್ನೂ ಕೊಡಬೇಕು. ಇದನ್ನು ಎಸ್‌ಡಿಎಂಸಿ ಸಭೆಯಲ್ಲಿ ಎತ್ತೋಣ, ಅಲ್ಲಿಂದ ಬಿಇಒಗೆ ಅರ್ಜಿ ಹೋಗಲಿ ಅಂದೆ. ಅಲ್ಲಿಯವರೆಗೆ ನೋಟ್‌ಬುಕ್ಕು ಡ್ರಾಯರಿನಲ್ಲಿ ಬೀಗದೊಳಗಿರಲಿ, ಪ್ರತಿ ಶಾಲೆಯವರಿಗೂ ಪಾಸ್‌ವರ್ಡು ಬದಲಾಯಿಸಲು ಹೇಳಲಿ.

ಅರ್ಜಿ ಅಲ್ಲೇ ಬರೆಯಲು ಶುರು ಮಾಡಿದೆವು. ಅವಳು ಹೇಳುತ್ತಾ ಹೋದಳು, ನಾನು ಹಳೇ ಡೈರಿಯ ಹಾಳೆಯಲ್ಲಿ ಬರೆದೆ. ಕ್ಲಾಸಿನ ಗ್ರೂಪಿಗೆ ಮಕ್ಕಳ ಜಾತಿ, ಆದಾಯ, ಖಾತೆ ನಂಬರು, ಆಧಾರ್ ನಂಬರು ಹಾಕಬಾರದು. ಯಾರದು ಬಾಕಿ ಇದೆಯೋ ಅವರ ಮನೆಗೆ ಮಾತ್ರ ಫೋನ್ ಮಾಡಬೇಕು. ಆರೋಗ್ಯ ತಪಾಸಣೆಯಲ್ಲಿ ರಕ್ತ ಕಡಿಮೆ ಇದೆ, ತೂಕ ಕಡಿಮೆ ಇದೆ ಅಂತ ಎಲ್ಲರ ಮುಂದೆ ಓದಬಾರದು, ಮಗುವಿನ ಕೈಗೆ ಚೀಟಿ ಕೊಡಬೇಕು. ಇದು ಅವಳಿಗೆ ಹೊಳೆದದ್ದು. ಹುಡುಗಿಯರಿಗೆ ಅದೆಷ್ಟು ಮುಜುಗರ ಅನ್ನುವುದು ನನಗೂ ಗೊತ್ತು. ಶಾಲೆ ಬಿಟ್ಟ ಮಕ್ಕಳ ಆಧಾರ್ ಜೆರಾಕ್ಸು ಕಟ್ಟುಗಳನ್ನು ವಾಪಸ್ ಕೊಡಬೇಕು, ಇಲ್ಲವೇ ನಾಶ ಮಾಡಬೇಕು.

"ಮುಖದ ಹಾಜರಿದೂ ಸೇರಿಸೋಣ್ವಾ ಟೀಚರ್?"

"ಅದಕ್ಕೆ ಬೇರೆ ಅರ್ಜಿ ಬರೆಯೋಣ. ಇದನ್ನ ಹೆಡ್ಮಾಸ್ಟರು ನಾಳೆಯಿಂದಲೇ ಮಾಡಬಹುದು, ಅದು ಬೆಂಗಳೂರಿಗೆ ಹೋಗಬೇಕಾದ್ದು. ಬೇರೆ ತಾಯಂದಿರನ್ನೂ ಕರ್ಕೊಂಡು ಬಾ, ಎಲ್ಲರೂ ಸೈನ್ ಹಾಕಲಿ."

"ಅವರಿಗೂ ಮೊದಲು ಓದಿ ಹೇಳ್ತೀನಿ" ಅಂದಳು.